ಮಿಕ್ಕಿಯ ನೆರಳಲ್ಲಿ ಕುಪ್ಪಳಿಸಿದ ಕಪ್ಪೆ

1930ರ ಜನವರಿ 21. ಲಾಸ್ ಏಂಜಲೀಸ್‌ನ ಹೈಪೀರಿಯನ್ ಅವೆನ್ಯೂದಲ್ಲಿದ್ದ ಪುಟ್ಟ ಡಿಸ್ನಿ ಸ್ಟುಡಿಯೋದಲ್ಲಿ ಅಬ್ ಐವರ್ಕ್ಸ್ ಎಂಬ ಮಿತಭಾಷಿ ಚಿತ್ರಕಾರ ರಾಯ್ ಡಿಸ್ನಿಯ ಬಳಿ ಹೋಗಿ, ತಾನು ಕೆಲಸ ಬಿಡುತ್ತಿರುವುದಾಗಿ ತಿಳಿಸಿದ. ರಾಯ್‌ನ ತಮ್ಮ ವಾಲ್ಟ್ ಜೊತೆ ಕೆಲಸದ ರೀತಿನೀತಿಯಲ್ಲಿ ಹೊಂದಾಣಿಕೆಯಾಗುತ್ತಿಲ್ಲ ಎಂಬುದು ಆತ ಕೊಟ್ಟ ಕಾರಣ. ವಾಲ್ಟ್ ಆಗ ಊರಲ್ಲಿರಲಿಲ್ಲ. ಮಿಕ್ಕಿ ಮೌಸ್ ಚಿತ್ರಗಳ ಗಳಿಕೆಯ ಲೆಕ್ಕ ಕೇಳಲು ವಿತರಕ ಪ್ಯಾಟ್ ಪವರ್ಸ್‌ನ ಬಳಿ, ನ್ಯೂಯಾರ್ಕ್‌ಗೆ ಹೋಗಿದ್ದ. ಐವರ್ಕ್ಸ್‌ಗೆ ಸ್ವಂತ ಸ್ಟುಡಿಯೋ ಹಾಕಿಕೊಡಲು ಹೊರಟವನು ಇದೇ ಪವರ್ಸ್ ಎಂಬುದು ವಾಲ್ಟ್‌ಗೆ ಅಲ್ಲಿ ಗೊತ್ತಾಯಿತು.

ಮಿಕ್ಕಿ ಮೌಸ್‌ನ ಮೊದಲ ಚಿತ್ರಗಳನ್ನು ಬಹುಪಾಲು ಒಬ್ಬನೇ ಕೂತು ಬರೆದ ಕೈ ಐವರ್ಕ್ಸ್‌ನದು. ಆ ಕೈ ಡಿಸ್ನಿ ಸಂಸ್ಥೆಯನ್ನು ಬಿಟ್ಟು ಹೋಗಿ ಸೃಷ್ಟಿಸಿದ್ದು ಒಂದು ಕಪ್ಪೆಯನ್ನು. ಹೆಸರು ಫ್ಲಿಪ್. 1930ರಿಂದ 1933ರವರೆಗೆ ‘ಫ್ಲಿಪ್ ದ ಫ್ರಾಗ್’ ಸರಣಿಯಲ್ಲಿ 38 ಕಿರುಚಿತ್ರಗಳು ಬಂದವು, ಅಮೆರಿಕದ ಚಿತ್ರಮಂದಿರಗಳಲ್ಲಿ ಮುಖ್ಯ ಚಿತ್ರಕ್ಕೆ ಮುಂಚೆ ಓಡಿದವು, ಆಮೇಲೆ ಜನರ ನೆನಪಿನಿಂದ ಜಾರಿದವು. ಕಾರ್ಟೂನ್ ಚರಿತ್ರೆ ಬರೆಯುವವರು ಈ ಸರಣಿಯನ್ನು ಸಾಮಾನ್ಯವಾಗಿ ಒಂದು ಸೋಲು ಎಂದು ದಾಖಲಿಸಿ ಮುಂದೆ ಹೋಗುತ್ತಾರೆ. ವ್ಯಾಪಾರದ ಲೆಕ್ಕದಲ್ಲಿ ಅದು ಸೋಲೇ. ಆದರೆ ಒಂದು ಪಾತ್ರ ಹೇಗೆ ಹುಟ್ಟುತ್ತದೆ, ಎಷ್ಟೇ ಕಸುಬು ಇದ್ದರೂ ಯಾಕೆ ಕೆಲವೊಮ್ಮೆ ಹುಟ್ಟುವುದಿಲ್ಲ ಎಂಬುದನ್ನು ಈ ಸರಣಿಯಷ್ಟು ಬಿಡಿಸಿ ತೋರಿಸುವ ಇನ್ನೊಂದು ಉದಾಹರಣೆ ನನಗೆ ಸಿಕ್ಕಿಲ್ಲ.

ಐವರ್ಕ್ಸ್ ಮತ್ತು ವಾಲ್ಟ್ ಇಬ್ಬರೂ 1901ರಲ್ಲಿ ಹುಟ್ಟಿದವರು. ಐವರ್ಕ್ಸ್‌ನ ತಂದೆ ಜರ್ಮನಿಯಿಂದ ವಲಸೆ ಬಂದವನು. ಮಗ ಹುಡುಗನಾಗಿರುವಾಗಲೇ ಸಂಸಾರವನ್ನು ಬಿಟ್ಟು ಹೋದ. ತಾಯಿಯನ್ನು ಸಾಕುವ ಹೊಣೆ ಮಗನ ಹೆಗಲಿಗೆ ಬಿತ್ತು. 1919ರಲ್ಲಿ ಕಾನ್ಸಾಸ್ ಸಿಟಿಯ ಒಂದು ಜಾಹೀರಾತು ಚಿತ್ರಶಾಲೆಯಲ್ಲಿ ಇಬ್ಬರು ಹುಡುಗರ ಭೇಟಿಯಾಯಿತು. ಅಲ್ಲಿಂದ ಕೆಲಸ ಹೋದ ಮೇಲೆ ಸೇರಿಕೊಂಡು ಸ್ವಂತ ಅಂಗಡಿ ತೆರೆದರು. ಅದು ಒಂದು ತಿಂಗಳ ಸುಮಾರು ನಡೆಯಿತು. ಬಳಿಕ ವಾಲ್ಟ್ ಕಟ್ಟಿದ ‘ಲಾಫ್-ಓ-ಗ್ರಾಮ್’ ಸಂಸ್ಥೆಯೂ 1923ರಲ್ಲಿ ದಿವಾಳಿಯೆದ್ದಿತು. ವಾಲ್ಟ್ ಪಶ್ಚಿಮದ ರೈಲು ಹತ್ತಿ ಹಾಲಿವುಡ್ ಸೇರಿದ. ಮರುವರ್ಷ ಅವನ ಕರೆಯ ಮೇಲೆ ಐವರ್ಕ್ಸ್ ಕೂಡ ಬಂದ.

ಇಬ್ಬರ ಸ್ವಭಾವಕ್ಕೂ ಅಜಗಜಾಂತರ. ವಾಲ್ಟ್ ಮಾತಿನ ಮಲ್ಲ, ಕಥೆ ಹೇಳುತ್ತಲೇ ಎದ್ದು ನಿಂತು ಅಭಿನಯಿಸುವವನು. ಐವರ್ಕ್ಸ್ ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಕೈಗೆತ್ತಿಕೊಂಡದ್ದನ್ನು ಪೂರ್ತಿ ಕರಗತ ಮಾಡಿಕೊಂಡು, ಅದನ್ನು ಸಾಧಿಸಿದ ಮರುಕ್ಷಣ ಆಸಕ್ತಿ ಕಳೆದುಕೊಳ್ಳುವ ಮನುಷ್ಯ. ಚೆಂಡು ಉರುಳಿಸಿ ಪಿನ್ ಬೀಳಿಸುವ ಬೌಲಿಂಗ್ ಆಟದಲ್ಲಿ ಒಂದು ದಿನ ಪೂರ್ಣ ಅಂಕ, ಅಂದರೆ 300, ಹೊಡೆದ ಮೇಲೆ ಚೆಂಡನ್ನು ಬೀರುವಿನಲ್ಲಿಟ್ಟು ಆ ಆಟವನ್ನೇ ಬಿಟ್ಟನೆಂದು ಅವನನ್ನು ಬಲ್ಲವರು ಹೇಳುತ್ತಿದ್ದರು. ಫ್ಲಿಪ್‌ನ ಕಥೆ ಓದುವಾಗ ಈ ಸಂಗತಿಯನ್ನು ನೆನಪಲ್ಲಿಟ್ಟುಕೊಳ್ಳಬೇಕು.

1928ರಲ್ಲಿ ವಿತರಕ ಚಾರ್ಲ್ಸ್ ಮಿಂಟ್ಸ್ ವಾಲ್ಟ್‌ನ ಬಹುತೇಕ ಚಿತ್ರಕಾರರನ್ನು ತನ್ನ ಕಡೆಗೆ ಸೆಳೆದುಕೊಂಡ. ‘ಓಸ್ವಾಲ್ಡ್’ ಎಂಬ ಮೊಲದ ಪಾತ್ರದ ಹಕ್ಕು ಹೇಗೂ ಯೂನಿವರ್ಸಲ್ ಸಂಸ್ಥೆಯದಾಗಿತ್ತು. ವಾಲ್ಟ್‌ನ ಬಳಿ ಉಳಿದ ಕೆಲವೇ ಜನರಲ್ಲಿ ಐವರ್ಕ್ಸ್ ಒಬ್ಬ. ಹೊರಟುನಿಂತವರು ಅದೇ ಕಟ್ಟಡದಲ್ಲಿ ಓಸ್ವಾಲ್ಡ್‌ನ ಕೊನೆಯ ಚಿತ್ರಗಳನ್ನು ಮುಗಿಸುತ್ತಿರುವಾಗ, ಐವರ್ಕ್ಸ್ ಯಾರ ಕಣ್ಣಿಗೂ ಬೀಳದಂತೆ ಹೊಸ ಇಲಿಯ ಮೊದಲ ಚಿತ್ರ ‘ಪ್ಲೇನ್ ಕ್ರೇಜಿ’ಯನ್ನು ಬರೆದ. ದಿನಕ್ಕೆ 700 ಚಿತ್ರಗಳವರೆಗೆ ಬರೆದನೆಂಬ ಮಾತಿದೆ. ಬಿಲ್ ನೋಲನ್ ಎಂಬ ಚಿತ್ರಕಾರ 600 ಬರೆದಿದ್ದಾನೆಂದು ಕೇಳಿ, ಅದನ್ನು ಮೀರಿಸಲೇಬೇಕೆಂದು ಹಟ ಹಿಡಿದನಂತೆ. ಆ ವರ್ಷ ನವೆಂಬರ್ 18ರಂದು ನ್ಯೂಯಾರ್ಕ್‌ನ ಕಾಲೊನಿ ಚಿತ್ರಮಂದಿರದಲ್ಲಿ ‘ಸ್ಟೀಮ್‌ಬೋಟ್ ವಿಲ್ಲಿ’ ಸದ್ದು ಮಾಡಿತು. ಮರುವರ್ಷ ‘ದ ಸ್ಕೆಲಿಟನ್ ಡಾನ್ಸ್’ನಲ್ಲಿ ಐವರ್ಕ್ಸ್ ಸ್ಮಶಾನದ ಅಸ್ಥಿಪಂಜರಗಳನ್ನು ಕುಣಿಸಿದ, ಒಂದು ಅಸ್ಥಿಪಂಜರ ಇನ್ನೊಂದರ ಬೆನ್ನೆಲುಬನ್ನೇ ವಾದ್ಯ ಮಾಡಿಕೊಂಡು ಬಾರಿಸುತ್ತದೆ. ಈಗಲೂ ಕಣ್ಣು ಕೀಳಿಸದೆ ನೋಡಿಸಿಕೊಳ್ಳುವ ಚಿತ್ರ ಅದು.

ಹೀಗಿರುವಾಗ ಬಿರುಕು ಎಲ್ಲಿ ಬಿಟ್ಟಿತು? ಐವರ್ಕ್ಸ್ ಒಂದು ದೃಶ್ಯದ ಮೊದಲ ಚಿತ್ರದಿಂದ ಕೊನೆಯದರವರೆಗೆ ಕ್ರಮವಾಗಿ ತಾನೇ ಬರೆಯುತ್ತ ಹೋಗುವವನು. ವಾಲ್ಟ್‌ಗೆ ಅದು ದುಬಾರಿ ಅನ್ನಿಸಿತು. ಚಲನೆಯ ಮುಖ್ಯ ಭಂಗಿಗಳನ್ನಷ್ಟೇ ಐವರ್ಕ್ಸ್ ಬರೆಯಲಿ, ನಡುವಿನವನ್ನು ಸಹಾಯಕರು ತುಂಬಲಿ ಎಂಬುದು ಅವನ ವಾದ. ಸಾಲದ್ದಕ್ಕೆ, ಪ್ರತಿ ಚಿತ್ರ ಎಷ್ಟು ಚೌಕಟ್ಟುಗಳ ಕಾಲ ಪರದೆಯ ಮೇಲೆ ನಿಲ್ಲಬೇಕು ಎಂದು ಐವರ್ಕ್ಸ್ ಗುರುತಿಸಿಟ್ಟ ಹಾಳೆಗಳನ್ನು ರಾತ್ರಿ ವಾಲ್ಟ್ ಬಂದು ತಿದ್ದುತ್ತಿದ್ದ. ಇಂಥ ತಿದ್ದುಪಡಿಯನ್ನು ಕಸುಬುದಾರ ಸುಲಭಕ್ಕೆ ಸಹಿಸುವುದಿಲ್ಲ. ಮಿಕ್ಕಿ ವಾಲ್ಟ್ ಡಿಸ್ನಿಯ ಹೆಸರಲ್ಲಿ ಲೋಕವಿಖ್ಯಾತನಾದದ್ದು ಐವರ್ಕ್ಸ್‌ಗೆ ನೋವು ತಂದಿತ್ತು ಎನ್ನುವವರಿದ್ದಾರೆ. ಮಿಕ್ಕಿಯ ನಿಜವಾದ ಸೃಷ್ಟಿಕರ್ತ ಯಾರು ಎಂಬ ಚರ್ಚೆಯೂ ಇಂದಿಗೂ ನಿಂತಿಲ್ಲ. ಆಕಾರ ಕೊಟ್ಟವನು ಐವರ್ಕ್ಸ್, ಗುಣ ಮತ್ತು ಸ್ವರ ಕೊಟ್ಟವನು ವಾಲ್ಟ್ ಎಂಬಲ್ಲಿಗೆ ಹೆಚ್ಚಿನವರು ಬಂದು ನಿಲ್ಲುತ್ತಾರೆ. ನನಗೂ ಅದೇ ಸರಿ ಕಾಣುತ್ತದೆ, ಮುಂದೆ ಫ್ಲಿಪ್‌ಗೆ ಆದದ್ದೇ ಅದಕ್ಕೆ ಸಾಕ್ಷಿ.

ಪ್ಯಾಟ್ ಪವರ್ಸ್ ಈ ಬಿರುಕನ್ನು ಸರಿಯಾಗಿ ಗುರುತಿಸಿದ. ಐರಿಶ್ ಮೂಲದ ಈ ವ್ಯಾಪಾರಿ ಸಿನಿಮಾ ಉದ್ಯಮದ ಮೊದಲ ದಿನಗಳಿಂದ ಕಾದಾಡಿಕೊಂಡೇ ಬೆಳೆದವನು. ಲೀ ಡಿ ಫಾರೆಸ್ಟ್‌ನ ಧ್ವನಿಮುದ್ರಣ ಕಂಪನಿಯನ್ನು ವಶಪಡಿಸಿಕೊಳ್ಳಲು ನೋಡಿದ, ಆಗಲಿಲ್ಲ. ಅಲ್ಲಿಯ ತಂತ್ರಜ್ಞನೊಬ್ಬನನ್ನು ಕರೆತಂದು ಅದೇ ಬಗೆಯ ಯಂತ್ರ ಮಾಡಿಸಿ ‘ಸಿನೆಫೋನ್’ ಎಂದು ಹೆಸರಿಟ್ಟ. ‘ಸ್ಟೀಮ್‌ಬೋಟ್ ವಿಲ್ಲಿ’ಗೆ ಧ್ವನಿ ಸಿಕ್ಕಿದ್ದು ಇದೇ ಸಿನೆಫೋನ್‌ನಿಂದ. ಮಿಕ್ಕಿ ಚಿತ್ರಗಳು ದುಡ್ಡು ಮಾಡತೊಡಗಿದರೂ ಡಿಸ್ನಿ ಸೋದರರಿಗೆ ಲೆಕ್ಕ ಸರಿಯಾಗಿ ಬರುತ್ತಿರಲಿಲ್ಲ. ಲೆಕ್ಕ ಕೇಳಿದ ವಾಲ್ಟ್‌ನ ಮುಂದೆ ಪವರ್ಸ್ ಐವರ್ಕ್ಸ್‌ನನ್ನು ದಾಳವಾಗಿ ಇಟ್ಟ. ಐವರ್ಕ್ಸ್‌ನ ಜೊತೆ ಮಾತುಕತೆ ನಡೆಸಿದವನು ಪವರ್ಸ್‌ನ ಆಳು ಚಾರ್ಲ್ಸ್ ಗೀಗರಿಚ್. ತೆರೆಯ ಹಿಂದೆ ಪವರ್ಸ್ ಇದ್ದಾನೆಂದು ಐವರ್ಕ್ಸ್‌ಗೆ ಆರಂಭದಲ್ಲೇ ತಿಳಿದಿತ್ತೋ ಇಲ್ಲವೋ ಎಂಬುದರ ಬಗ್ಗೆ ಚರಿತ್ರಕಾರರಲ್ಲಿ ಒಮ್ಮತವಿಲ್ಲ. ಐವರ್ಕ್ಸ್‌ನನ್ನು ಕಳೆದುಕೊಂಡರೆ ಡಿಸ್ನಿ ಮಣಿಯುತ್ತಾನೆ ಎಂಬುದು ಪವರ್ಸ್‌ನ ಎಣಿಕೆ. ವಾಲ್ಟ್ ಮಣಿಯಲಿಲ್ಲ. ಪವರ್ಸ್‌ನ ನಂಟು ಕಡಿದುಕೊಂಡು ಕೊಲಂಬಿಯಾ ಸಂಸ್ಥೆಯತ್ತ ಹೋದ.

ಐವರ್ಕ್ಸ್‌ಗೆ ಡಿಸ್ನಿ ಸಂಸ್ಥೆಯಲ್ಲಿ ಶೇಕಡ 20ರ ಪಾಲಿತ್ತು. ಹೊರಡುವಾಗ ಅದಕ್ಕೆ ಪ್ರತಿಯಾಗಿ ಅವನ ಕೈಗೆ ಬಂದದ್ದು 2,920 ಡಾಲರ್. ಅವನು ಹೋದ ಬೆನ್ನಿಗೇ ಸಂಗೀತ ನಿರ್ದೇಶಕ ಕಾರ್ಲ್ ಸ್ಟಾಲಿಂಗ್ ಕೂಡ ಎದ್ದು ಹೋದ. ಕಾನ್ಸಾಸ್ ಸಿಟಿಯ ಚಿತ್ರಮಂದಿರದಲ್ಲಿ ಮೂಕಿ ಚಿತ್ರಗಳಿಗೆ ಆರ್ಗನ್ ನುಡಿಸುತ್ತಿದ್ದ ಸ್ಟಾಲಿಂಗ್‌ಗೆ ಐವರ್ಕ್ಸ್ ಇಲ್ಲದ ಡಿಸ್ನಿಯ ಭವಿಷ್ಯದ ಮೇಲೆ ಭರವಸೆ ಉಳಿದಿರಲಿಲ್ಲ.

ಕಪ್ಪೆಗೆ ಮೊದಲು ಇಟ್ಟ ಹೆಸರು ಟೋನಿ. ಬೇಗನೆ ಅದು ಫ್ಲಿಪ್ ಆಯಿತು. ಮೊದಲ ಚಿತ್ರ ‘ಫಿಡಲ್‌ಸ್ಟಿಕ್ಸ್’ 1930ರ ಆಗಸ್ಟ್‌ನಲ್ಲಿ ಬಂತು. ಅದರಲ್ಲಿ ಫ್ಲಿಪ್ ನಿಜವಾಗಿಯೂ ಕಪ್ಪೆ: ಸಣ್ಣ ದೇಹ, ಜಾಲಪಾದ, ಕೊರಳಿಗೊಂದು ಬೋ ಟೈ. ಕೊಳದ ಎಲೆಯಿಂದ ಎಲೆಗೆ ನೆಗೆಯುತ್ತ ಕಾಡಿನ ಪ್ರಾಣಿಗಳ ಸಂಭ್ರಮಕ್ಕೆ ಬರುತ್ತಾನೆ, ವೇದಿಕೆ ಹತ್ತಿ ಕುಣಿಯುತ್ತಾನೆ, ಪಿಯಾನೊ ನುಡಿಸುತ್ತಾನೆ. ಪಕ್ಕದಲ್ಲಿ ಪಿಟೀಲು ಹಿಡಿದು ಸಾಥ್ ಕೊಡುವುದು ಒಂದು ಇಲಿ. ಅದನ್ನು ನೋಡಿದವರಿಗೆ ಮಿಕ್ಕಿಯ ನೆನಪು ಬರದೆ ಇರುವುದು ಸಾಧ್ಯವೇ ಇಲ್ಲ. ಕಥೆಯೆಂಬುದು ಇಲ್ಲವೇ ಇಲ್ಲ, ಬೇಕೂ ಇಲ್ಲ. ಕಾಲು ನೆಲಕ್ಕೆ ತಾಗುವ ಗಳಿಗೆಗೂ ತಾಳಕ್ಕೂ ಎಳ್ಳಷ್ಟೂ ಅಂತರವಿಲ್ಲ. ದೇಹ ರಬ್ಬರಿನಂತೆ ಬಾಗಿ ಮತ್ತೆ ನೆಟ್ಟಗಾಗುವ ಆ ಸುಲಲಿತ ಗೆರೆಯನ್ನು ಆ ಕಾಲದಲ್ಲಿ ಎಳೆಯಬಲ್ಲವರು ವಿರಳ.

‘ಫಿಡಲ್‌ಸ್ಟಿಕ್ಸ್’ ಬಣ್ಣದಲ್ಲಿ ತಯಾರಾದದ್ದು ಇನ್ನೊಂದು ವಿಶೇಷ. ಧ್ವನಿ ಮತ್ತು ಬಣ್ಣ ಎರಡೂ ಇರುವ ಮೊದಲ ಸ್ವತಂತ್ರ ಕಾರ್ಟೂನ್ ಎಂದು ಇದನ್ನು ಕರೆಯುವುದುಂಟು. ಅದೇ ವರ್ಷ ಅದಕ್ಕೂ ಮೊದಲು ಬಂದ ‘ಕಿಂಗ್ ಆಫ್ ಜಾಝ್’ ಎಂಬ ಪೂರ್ಣಪ್ರಮಾಣದ ಚಿತ್ರದಲ್ಲಿ ವಾಲ್ಟರ್ ಲ್ಯಾಂಟ್ಸ್ ಮಾಡಿದ ಬಣ್ಣದ ಕಾರ್ಟೂನ್ ತುಣುಕು ಇದ್ದುದರಿಂದ ‘ಸ್ವತಂತ್ರ’ ಎಂಬ ಮಾತನ್ನು ಸೇರಿಸಲೇಬೇಕು. ಬಳಸಿದ ತಂತ್ರ ಯಾವ ಕಂಪನಿಯದು ಎಂಬುದರಲ್ಲೂ ಭಿನ್ನಾಭಿಪ್ರಾಯವಿದೆ. ಕೆಲವರು ಟೆಕ್ನಿಕಲರ್ ಎನ್ನುತ್ತಾರೆ, ಕೆಲವರು ಹ್ಯಾರಿಸ್‌ಕಲರ್ ಎನ್ನುತ್ತಾರೆ. ಅಂತೂ ಎರಡೇ ಬಣ್ಣಗಳ ವಿಧಾನ. ಕಿತ್ತಳೆಗೆಂಪು ಮತ್ತು ನೀಲಿಹಸಿರಿನ ಆಚೆಗೆ ಅದಕ್ಕೆ ಹೆಚ್ಚೇನೂ ಎಟುಕುತ್ತಿರಲಿಲ್ಲ. ಕೊಳ, ಎಲೆ, ಕಪ್ಪೆ ಇಷ್ಟಕ್ಕೆ ಅದು ಸಾಕಾಗಿತ್ತು.

ಚಿತ್ರಗಳನ್ನು ಹಂಚಲು ಮುಂದೆ ಬಂದದ್ದು ಎಂಜಿಎಂ. ಸ್ವಂತ ಕಾರ್ಟೂನ್ ವಿಭಾಗವಿಲ್ಲದ ಆ ದೈತ್ಯ ಸಂಸ್ಥೆಗೆ ಮಿಕ್ಕಿಗೆ ಎದುರಾಳಿಯೊಬ್ಬ ಬೇಕಾಗಿತ್ತು. ಬೇರೊಬ್ಬರಾಗಿದ್ದರೆ ಇಷ್ಟು ದೊಡ್ಡ ವಿತರಕ ಸಿಕ್ಕಿದ್ದೇ ಗೆಲುವು ಅಂದುಕೊಳ್ಳುತ್ತಿದ್ದರು. ಫ್ಲಿಪ್‌ನ ತೊಂದರೆ ಶುರುವಾದದ್ದು ಅಲ್ಲಿಂದಲೇ. ಕಪ್ಪೆ ತೀರಾ ಕಪ್ಪೆಯಂತಿದೆ, ಜನ ಹಚ್ಚಿಕೊಳ್ಳುವುದು ಕಷ್ಟ, ಬದಲಿಸಿ ಎಂಬ ಒತ್ತಾಯ ಬಂತು. ಫ್ಲಿಪ್ ಎತ್ತರವಾದ. ಜಾಲಪಾದ ಹೋಗಿ ಬೂಟು ಬಂತು. ಪ್ಯಾಂಟು ಬಂತು, ಕೈಗವಸು ಬಂತು. ನಾಯಿ ಬಂತು, ಪ್ರೇಯಸಿ ಬಂದಳು. ಕೊಳ ಮಾಯವಾಗಿ ಊರಿನ ಬೀದಿ ಬಂತು. ಎರಡು ವರ್ಷ ಕಳೆಯುವಷ್ಟರಲ್ಲಿ ಅವನು ಅಗಲ ಬಾಯಿಯ ಹುಡುಗನೊಬ್ಬನಂತೆ ಕಾಣುತ್ತಿದ್ದ. ಹೆಸರು ಹೇಳದಿದ್ದರೆ ಕಪ್ಪೆಯೆಂದು ಗುರುತು ಹಿಡಿಯುವುದು ಕಷ್ಟವಾಗುತ್ತಿತ್ತು.

ಏಳು ನಿಮಿಷದ ಧ್ವನಿಚಿತ್ರವೆಂದರೆ ಸೆಕೆಂಡಿಗೆ 24ರಂತೆ ಹತ್ತು ಸಾವಿರ ಚೌಕಟ್ಟುಗಳು. ಒಂದೊಂದು ಚಿತ್ರವನ್ನು ಎರಡೆರಡು ಚೌಕಟ್ಟಿಗೆ ಹಿಡಿದರೂ ಸಾವಿರಾರು ಹಾಳೆಗಳು ಬೇಕು. ಇಂಥದ್ದೊಂದನ್ನು ಹೆಚ್ಚುಕಡಿಮೆ ತಿಂಗಳಿಗೊಂದರಂತೆ ಮುಗಿಸಬೇಕಿತ್ತು. ಚಿತ್ರಕಾರರು ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ಬರೆದದ್ದನ್ನು ಪಾರದರ್ಶಕ ಸೆಲ್ ಹಾಳೆಗೆ ಶಾಯಿಯಲ್ಲಿ ನಕಲು ಮಾಡಿ, ಹಿಂಬದಿಯಿಂದ ಬಣ್ಣ ತುಂಬಿ, ಹಿನ್ನೆಲೆಯ ಮೇಲಿಟ್ಟು ಕ್ಯಾಮೆರಾದಡಿ ಒಂದೊಂದಾಗಿ ಸೆರೆ ಹಿಡಿಯಬೇಕು. ಸೆಲ್ ದುಬಾರಿ. ಆದ್ದರಿಂದ ಚಿತ್ರೀಕರಣ ಮುಗಿದ ಮೇಲೆ ಅದರ ಮೇಲಿನ ಶಾಯಿ, ಬಣ್ಣ ಎಲ್ಲ ತೊಳೆದು ಮುಂದಿನ ಚಿತ್ರಕ್ಕೆ ಬಳಸುತ್ತಿದ್ದರು. ಐವರ್ಕ್ಸ್ ಸ್ಟುಡಿಯೋದಲ್ಲಿ ಹೀಗೆ ಸೆಲ್ ತೊಳೆಯುವ ಕೆಲಸಕ್ಕೆ ಬಂದ ಒಬ್ಬ ಹುಡುಗ ಚಕ್ ಜೋನ್ಸ್. ನಂತರದ ದಿನಗಳಲ್ಲಿ ಬಗ್ಸ್ ಬನ್ನಿ, ಡ್ಯಾಫಿ ಡಕ್ ಪಾತ್ರಗಳಿಗೆ ಅವುಗಳ ಅತ್ಯುತ್ತಮ ಚಿತ್ರಗಳನ್ನು ಕೊಟ್ಟ ಜೋನ್ಸ್ ತನ್ನ ಕಸುಬನ್ನು ಶುರು ಮಾಡಿದ್ದು ಇನ್ನೊಬ್ಬರು ಬರೆದ ಫ್ಲಿಪ್‌ನನ್ನು ಒರೆಸಿ ಹಾಕುತ್ತ. ಆ ಸ್ಟುಡಿಯೋದಲ್ಲಿ ಅವನನ್ನು ಕೆಲಸದಿಂದ ತೆಗೆದ ಡೊರೊತಿ ವೆಬ್‌ಸ್ಟರ್ ಮುಂದೆ ಅವನ ಹೆಂಡತಿಯಾದಳು.

ನ್ಯೂಯಾರ್ಕ್‌ನ ಫ್ಲೈಶರ್ ಸ್ಟುಡಿಯೋದಲ್ಲಿ ಬೆಟ್ಟಿ ಬೂಪ್‌ಳನ್ನು ರೂಪಿಸಿದ ಗ್ರಿಮ್ ನ್ಯಾಟ್ವಿಕ್ ಬಂದು ಸೇರಿದ. ಅವನ ಹಿಂದೆ ಶೇಮಸ್ ಕಲ್‌ಹೇನ್, ಅಲ್ ಯೂಗ್‌ಸ್ಟರ್ ಮೊದಲಾದವರು ಬಂದರು. ನ್ಯಾಟ್ವಿಕ್ ಬಂದ ಮೇಲೆ ಐವರ್ಕ್ಸ್ ಚಿತ್ರ ಬರೆಯುವುದನ್ನು ಹೆಚ್ಚುಹೆಚ್ಚಾಗಿ ಅವನಿಗೊಪ್ಪಿಸಿ, ತಾನು ನೆಲಮಾಳಿಗೆಗೆ ಇಳಿದು ಕ್ಯಾಮೆರಾ ಮತ್ತು ಯಂತ್ರಗಳ ಜೊತೆ ಕಾಲ ಕಳೆಯತೊಡಗಿದ. ಅಮೆರಿಕದ ಅತಿ ವೇಗದ ಕೈ ಪೆನ್ಸಿಲ್ ಕೆಳಗಿಟ್ಟು ತಿರುಪುಳಿ ಹಿಡಿದಿತ್ತು. ಬೌಲಿಂಗ್ ಚೆಂಡು ಮತ್ತೆ ಬೀರು ಸೇರಿತು ಎಂದು ನನಗನ್ನಿಸುವುದು ಇಲ್ಲಿ.

ಆದರೂ ಈ ಚಿತ್ರಗಳಲ್ಲಿ ಜೀವವಿಲ್ಲ ಎಂದರೆ ಅನ್ಯಾಯವಾದೀತು. ಆರ್ಥಿಕ ಮಹಾಕುಸಿತದ ವರ್ಷಗಳವು. ಡಿಸ್ನಿ ಚಿತ್ರಗಳು ಆ ಹೊತ್ತಿಗೆ ಹಳ್ಳಿ, ಹಿತ್ತಿಲು, ಹೂದೋಟಗಳ ಕಡೆ ಹೊರಟಿದ್ದವು. ಫ್ಲಿಪ್ ಪೇಟೆಯ ಬಡವ. ‘ರೂಮ್ ರನ್ನರ್ಸ್’ನಲ್ಲಿ ಬಾಡಿಗೆ ಕೊಡಲಾಗದೆ ಹೋಟೆಲಿನಿಂದ ಕದ್ದು ಪಾರಾಗಲು ನೋಡುತ್ತಾನೆ. ‘ವಾಟ್ ಎ ಲೈಫ್’ನಲ್ಲಿ ಹೊಟ್ಟೆಗಿಲ್ಲದ ಬೀದಿ ವಾದ್ಯಗಾರ. ‘ದ ಆಫೀಸ್ ಬಾಯ್’ನಲ್ಲಿ ಕೆಲಸ ಹುಡುಕಿ ಹೊರಟವನು. ‘ಮೂವಿ ಮ್ಯಾಡ್’ನಲ್ಲಿ ಸಿನಿಮಾ ಸ್ಟುಡಿಯೋದ ಗೇಟಿನೊಳಗೆ ನುಗ್ಗಲು ಹವಣಿಸುತ್ತಾನೆ, ಕಾವಲುಗಾರ ಎತ್ತಿ ಹೊರಗೆಸೆಯುತ್ತಾನೆ. ಕೂಲಿ ಕೆಲಸವನ್ನೆಲ್ಲ ಯಂತ್ರ ಮಾಡಿಬಿಡುತ್ತದೆ, ಎಂಜಿನಿಯರುಗಳೇ ದೇಶ ನಡೆಸಬೇಕು ಎಂಬ ‘ಟೆಕ್ನಾಕ್ರಸಿ’ಯ ಅಬ್ಬರ 1933ರ ಹೊತ್ತಿಗೆ ಅಮೆರಿಕದ ಪತ್ರಿಕೆಗಳ ತುಂಬ ಇತ್ತು. ಕೂಡಲೇ ಬಂತು ‘ಟೆಕ್ನೋ-ಕ್ರ್ಯಾಕ್ಡ್’. ಅದರಲ್ಲಿ ಮೈಗಳ್ಳ ಫ್ಲಿಪ್ ಹುಲ್ಲು ಕೊಯ್ಯುವ ಕೆಲಸಕ್ಕೆ ಗುಜರಿ ಸಾಮಾನಿನಿಂದ ಯಂತ್ರಮಾನವನನ್ನು ಕಟ್ಟುತ್ತಾನೆ, ಅದು ಅವನ ಮಾತು ಮೀರಿ ಸಿಕ್ಕಿದ್ದನ್ನೆಲ್ಲ ಕೊಯ್ಯುತ್ತದೆ. ಪತ್ರಿಕೆಯ ಸುದ್ದಿ ಆರುವ ಮುನ್ನವೇ ಅದನ್ನು ಹಿಡಿದು ಚಿತ್ರವಾಗಿಸುವ ಈ ಚುರುಕು ನನಗೆ ಬಹಳ ಇಷ್ಟ.

ಲಜ್ಜೆಯ ಮಟ್ಟಿಗೂ ಫ್ಲಿಪ್ ಚಿತ್ರಗಳು ಡಿಸ್ನಿಯವುಗಳಿಗಿಂತ ಬಹಳ ಸಡಿಲ. ಬಚ್ಚಲುಮನೆಯಲ್ಲಿರುವ ಹೆಣ್ಣು, ಬೀಗದ ಕಿಂಡಿಯಲ್ಲಿ ಇಣುಕುವ ಕಣ್ಣು, ಸಣ್ಣಪುಟ್ಟ ಬೈಗುಳ ಎಲ್ಲ ಬರುತ್ತವೆ. ಹಾಲಿವುಡ್ಡಿನ ನೀತಿಸಂಹಿತೆ ಕಾಗದದ ಮೇಲೆ 1930ರಿಂದಲೇ ಇದ್ದರೂ 1934ರ ನಡುವಿನವರೆಗೆ ಅದರ ಹಿಡಿತ ಬಿಗಿಯಾಗಿರಲಿಲ್ಲ. ಈ ಚಿತ್ರಗಳು ದೊಡ್ಡವರ ಸಿನಿಮಾಕ್ಕೆ ಮುಂಚೆ ದೊಡ್ಡವರ ಮುಂದೆಯೇ ಓಡುತ್ತಿದ್ದವು. ಕಾರ್ಟೂನ್ ಎಂದರೆ ಮಕ್ಕಳದ್ದು ಎಂಬ ಬೇಲಿ ಆಗ ಇರಲಿಲ್ಲ. ಅದೇ ಸಡಿಲಿಕೆಯಲ್ಲಿ ಒಪ್ಪಲಾಗದ್ದೂ ನುಸುಳಿದೆ. ‘ಎ ಚೈನಾಮನ್ಸ್ ಚಾನ್ಸ್’ನಂಥ ಚಿತ್ರದಲ್ಲಿ ಚೀನೀಯರನ್ನು ತೋರಿಸಿದ ರೀತಿ ಆ ಕಾಲದ ಹೀನ ಜನಾಂಗೀಯ ಅಣಕ. ಇಂದು ಅದನ್ನು ನೋಡಿ ನಗುವುದು ಸಾಧ್ಯವಿಲ್ಲ, ನಗಬಾರದು ಕೂಡ.

1932ರ ‘ಫನ್ನಿ ಫೇಸ್’ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಹುಡುಗಿಯೊಬ್ಬಳು ಫ್ಲಿಪ್‌ನ ಮುಖವನ್ನು ಒಲ್ಲೆ ಎನ್ನುತ್ತಾಳೆ, ಚೆಲುವ ಹುಡುಗನ ಕಡೆ ಒಲಿಯುತ್ತಾಳೆ. ಹೊಸ ಮುಖ ಕೂರಿಸಿಕೊಡುವ ಜಾಗವೊಂದಕ್ಕೆ ಫ್ಲಿಪ್ ಹೋಗುತ್ತಾನೆ. ಅಲ್ಲಿ ಥರಾವರಿ ಮುಖಗಳು ಗಿರಾಕಿಗಾಗಿ ಕಾದಿವೆ. ಚಿತ್ರ ಮಾಡಿದವರಿಗೆ ಇದು ಮಾಮೂಲಿ ಹಾಸ್ಯಪ್ರಸಂಗವೇ ಆಗಿದ್ದಿರಬಹುದು. ಆದರೆ ಸರಣಿಯನ್ನು ಮೊದಲಿನಿಂದ ನೋಡುತ್ತ ಬಂದವರಿಗೆ ಅದು ಫ್ಲಿಪ್‌ನ ಪಾಡೇ ಆಗಿ ಕಾಣುತ್ತದೆ. ಎರಡು ವರ್ಷಗಳಿಂದ ಅವನನ್ನು ಬರೆದವರೂ ಹಂಚಿದವರೂ ಮಾಡುತ್ತಿದ್ದದ್ದು ಅದನ್ನೇ: ಇದಾಗದಿದ್ದರೆ ಅದು ಎಂದು ಒಂದರ ಮೇಲೊಂದು ಮುಖ ಹಾಕಿ ನೋಡುವುದು.

ಸರಣಿ ಯಾಕೆ ಕೈಹತ್ತಲಿಲ್ಲ ಎಂಬುದಕ್ಕೆ ಹಲವು ವಿವರಣೆಗಳಿವೆ. ಐವರ್ಕ್ಸ್‌ಗೆ ಕಥೆಯ ಕಣ್ಣಿರಲಿಲ್ಲ, ಹಾಸ್ಯದ ಹದ ಯಾಂತ್ರಿಕವಾಗಿತ್ತು ಎಂಬುದು ಬಹುಕಾಲದಿಂದ ಬಂದ ತೀರ್ಪು. ಅವನ ಕೈಕೆಳಗೆ ದುಡಿದವರೂ ಅದನ್ನು ಅಲ್ಲಗಳೆದಿಲ್ಲ. ಪವರ್ಸ್‌ನಂಥ ಲಾಭಕೋರನ ಅವಸರ ಮತ್ತು ಎಂಜಿಎಂನ ಮೂಗುತೂರಿಸುವಿಕೆಯೇ ಮೂಲ ಎನ್ನುವವರೂ ಇದ್ದಾರೆ. ಎರಡರಲ್ಲೂ ಹುರುಳಿದೆ. ನನ್ನ ಅನಿಸಿಕೆಯಲ್ಲಿ ಕೊರತೆ ಇನ್ನೂ ಸರಳವಾದದ್ದು. ಮಿಕ್ಕಿ ಕಷ್ಟಕ್ಕೆ ಸಿಕ್ಕಾಗ ಏನು ಮಾಡುತ್ತಾನೆ, ಯಾವುದಕ್ಕೆ ನಾಚುತ್ತಾನೆ, ಯಾವುದಕ್ಕೆ ಸಿಟ್ಟಾಗುತ್ತಾನೆ ಎಂದು ಹಗಲಿರುಳು ಯೋಚಿಸುವವನೊಬ್ಬ ಇದ್ದ. ಫ್ಲಿಪ್‌ನ ಬಗ್ಗೆ ಹಾಗೆ ಯೋಚಿಸಲು ಯಾರೂ ಇರಲಿಲ್ಲ. ಒಂದು ಚಿತ್ರದಲ್ಲಿ ಸಾಧು, ಮುಂದಿನದರಲ್ಲಿ ಪೋಕರಿ. ಇಲ್ಲಿ ಹುಡುಗ, ಅಲ್ಲಿ ಗಂಡಸು. ರಾತ್ರಿ ಬಂದು ಹಾಳೆ ತಿದ್ದುತ್ತಿದ್ದ ವಾಲ್ಟ್‌ನ ಕಾಟದಿಂದ ಐವರ್ಕ್ಸ್ ಪಾರಾಗಿದ್ದ, ಜೊತೆಗೆ ಪಾತ್ರದ ಮೇಲೆ ಆ ಬಗೆಯ ಹಠ ಹಿಡಿಯುವವನನ್ನೂ ಕಳೆದುಕೊಂಡಿದ್ದ.

1933ರ ‘ಸೋಡಾ ಸ್ಕ್ವರ್ಟ್’ ಸರಣಿಯ ಕೊನೆಯ ಚಿತ್ರ. ಫ್ಲಿಪ್ ಸೋಡಾ ಅಂಗಡಿ ತೆರೆಯುತ್ತಾನೆ, ಉದ್ಘಾಟನೆಗೆ ಲಾರೆಲ್ ಮತ್ತು ಹಾರ್ಡಿ, ಮಾರ್ಕ್ಸ್ ಸೋದರರು, ಮೇ ವೆಸ್ಟ್ ಮೊದಲಾದ ಹಾಲಿವುಡ್ ತಾರೆಯರ ವ್ಯಂಗ್ಯರೂಪಗಳು ಬಂದಿಳಿಯುತ್ತವೆ. ತನ್ನದೇ ಕೊನೆಯ ಚಿತ್ರದಲ್ಲಿ ಅವನು ಬೇರೆಯವರ ಖ್ಯಾತಿಗೆ ಸೋಡಾ ಹಂಚುವವನು. ಅದರ ಬೆನ್ನಿಗೆ ಐವರ್ಕ್ಸ್ ಸ್ಟುಡಿಯೋ ‘ವಿಲ್ಲಿ ವಾಪರ್’ ಎಂಬ ಸುಳ್ಳುಬುರುಕ ಹುಡುಗನನ್ನು ತಂದಿತು. ಅವನ ಬೊಗಳೆಗಳು ಪರದೆಯ ಮೇಲೆ ನಡೆಯುವ ಆ ಉಪಾಯ ಒಳ್ಳೆಯದೇ, ಆದರೆ ಹದಿನಾಲ್ಕು ಚಿತ್ರಗಳಿಗೆ ಅದೂ ಮುಗಿಯಿತು. 1934ರಲ್ಲಿ ಎಂಜಿಎಂ ಕೈಬಿಟ್ಟು, ಡಿಸ್ನಿಯ ಇನ್ನಿಬ್ಬರು ಹಳೆಯ ಸಹೋದ್ಯೋಗಿಗಳಾದ ಹ್ಯೂ ಹಾರ್ಮನ್ ಮತ್ತು ರುಡಾಲ್ಫ್ ಐಸಿಂಗ್ ಜೊತೆ ಒಪ್ಪಂದ ಮಾಡಿಕೊಂಡಿತು.

ಅಷ್ಟರಲ್ಲಿ ಐವರ್ಕ್ಸ್ ‘ಕಾಮಿಕಲರ್’ ಎಂಬ ಬಣ್ಣದ ಸರಣಿ ಆರಂಭಿಸಿದ್ದ. ಮೂರು ಬಣ್ಣಗಳ ಹೊಸ ಟೆಕ್ನಿಕಲರ್ ಕಾರ್ಟೂನ್‌ಗಳ ಮಟ್ಟಿಗೆ ಡಿಸ್ನಿಯ ಸ್ವತ್ತಾಗಿತ್ತು. ಉಳಿದವರಿಗೆ ಎರಡು ಬಣ್ಣದ ಸಿನೆಕಲರ್ ಗತಿ. ಕಿನ್ನರಿ ಕಥೆಗಳನ್ನು ಆಧರಿಸಿದ 25 ಚಿತ್ರಗಳು ಈ ಸರಣಿಯಲ್ಲಿ 1936ರವರೆಗೆ ಬಂದವು. ಅವುಗಳಲ್ಲಿ ಬಲೂನುಗಳ ನಾಡಿಗೆ ಸೂಜಿಪಿನ್ನಿನ ಮನುಷ್ಯ ದಾಳಿ ಮಾಡುವ ‘ಬಲೂನ್ ಲ್ಯಾಂಡ್’ ಒಂದು ಅಪ್ಪಟ ಕಲ್ಪನೆ. ಈ ಹೊತ್ತಿಗೇ ನೆಲಮಾಳಿಗೆಯ ಯಂತ್ರವೂ ಹೊರಬಂತು. ಹಳೆಯ ಷೆವ್ರೊಲೆ ಕಾರಿನ ಬಿಡಿಭಾಗಗಳನ್ನು ಜೋಡಿಸಿ ಐವರ್ಕ್ಸ್ ಕಟ್ಟಿದ ಈ ಕ್ಯಾಮೆರಾದ ಮುಂದೆ ಹಿನ್ನೆಲೆ, ಮಧ್ಯದ ಮರ, ಮುಂದಿನ ಪಾತ್ರ ಬೇರೆಬೇರೆ ದೂರದಲ್ಲಿ ಪದರಪದರವಾಗಿ ನಿಲ್ಲುತ್ತಿದ್ದವು. ಕ್ಯಾಮೆರಾ ಸರಿದಂತೆ ಹತ್ತಿರದ್ದು ಬೇಗ, ದೂರದ್ದು ನಿಧಾನ ಚಲಿಸಿ ಚಪ್ಪಟೆ ಚಿತ್ರಕ್ಕೆ ಆಳ ಬರುತ್ತಿತ್ತು. 1934ರ ‘ದ ಹೆಡ್‌ಲೆಸ್ ಹಾರ್ಸ್‌ಮನ್’ನಲ್ಲಿ ಅದರ ಕೆಲಸ ಕಾಣಬಹುದು. ಜರ್ಮನಿಯ ಲೊಟ್ಟೆ ರೈನಿಗರ್ ತನ್ನ ನೆರಳುಚಿತ್ರಗಳಿಗೆ 1920ರ ದಶಕದಲ್ಲೇ ಪದರಗಳ ಗಾಜಿನ ಮೇಜು ಬಳಸಿದ್ದಳು. ಡಿಸ್ನಿಯ ಪ್ರಸಿದ್ಧ ಬಹುಪದರ ಕ್ಯಾಮೆರಾ ‘ದ ಓಲ್ಡ್ ಮಿಲ್’ ಮೂಲಕ ತೆರೆಗೆ ಬಂದದ್ದು 1937ರಲ್ಲಿ.

1936ರಲ್ಲಿ ಪವರ್ಸ್ ಹಣ ಹೂಡುವುದನ್ನು ನಿಲ್ಲಿಸಿದ. ಐವರ್ಕ್ಸ್ ಗುತ್ತಿಗೆಗೆ ದುಡಿಯತೊಡಗಿದ: ಮರುವರ್ಷ ವಾರ್ನರ್ ಸಂಸ್ಥೆಗಾಗಿ ಪೋರ್ಕಿ ಪಿಗ್‌ನ ಎರಡು ಚಿತ್ರಗಳು, ಆಮೇಲೆ ಕೊಲಂಬಿಯಾಕ್ಕಾಗಿ ಕೆಲವು. ಬಳಗ ಚದುರಿತು, ಚದುರಿದ ಕಡೆಯೆಲ್ಲ ಬೇರುಬಿಟ್ಟಿತು. ಡಿಸ್ನಿ ಸೇರಿದ ನ್ಯಾಟ್ವಿಕ್ ‘ಸ್ನೋ ವೈಟ್’ ಚಿತ್ರದ ನಾಯಕಿಗೆ ಚಲನೆ ಕೊಟ್ಟವರಲ್ಲಿ ಪ್ರಮುಖನಾದ. ಫ್ಲಿಪ್‌ಗೆ ಸಂಗೀತ ಕೊಡಲು ಐವರ್ಕ್ಸ್‌ನ ಬಳಿ ಬಂದಿದ್ದ ಸ್ಟಾಲಿಂಗ್ 1936ರಲ್ಲಿ ವಾರ್ನರ್‌ಗೆ ಹೋಗಿ, 22 ವರ್ಷ ಅಲ್ಲೇ ಕಳೆದ. ಪಾತ್ರದ ಒಂದೊಂದು ಹೆಜ್ಜೆಗೂ ಒಂದೊಂದು ಸ್ವರ ಹೊಂದಿಸುವ ಅವನ ವಿದ್ಯೆ ಇಂದು ಕಾರ್ಟೂನ್ ಸಂಗೀತ ಎಂದೊಡನೆ ನೆನಪಾಗುವ ಸದ್ದು.

1940ರಲ್ಲಿ ಐವರ್ಕ್ಸ್ ಡಿಸ್ನಿಗೆ ಮರಳಿದ. ಹಳೆಯ ಸಹೋದ್ಯೋಗಿ ಬೆನ್ ಶಾರ್ಪ್‌ಸ್ಟೀನ್ ನಡುವೆ ನಿಂತು ದಾರಿ ಮಾಡಿಕೊಟ್ಟ. ಪಾಲುದಾರನಾಗಿ ಅಲ್ಲ, ಚಿತ್ರಕಾರನಾಗಿಯೂ ಅಲ್ಲ. ತಾಂತ್ರಿಕ ಸಮಸ್ಯೆಗಳನ್ನು ಬಿಡಿಸುವ ನೌಕರನಾಗಿ. ಇಬ್ಬರು ಗೆಳೆಯರ ನಡುವೆ ಮೊದಲಿನ ಸಲುಗೆ ಮತ್ತೆ ಬರಲಿಲ್ಲ ಎನ್ನುತ್ತಾರೆ. ಕೆಲಸಕ್ಕೆ ಮಾತ್ರ ಅಡ್ಡಿಯಾಗಲಿಲ್ಲ. ನಟರನ್ನೂ ಚಿತ್ರಗಳನ್ನೂ ಒಂದೇ ಚೌಕಟ್ಟಿನಲ್ಲಿ ಕೂಡಿಸುವ ಆಪ್ಟಿಕಲ್ ಪ್ರಿಂಟರ್‌ನ ಸುಧಾರಣೆಗೆ 1960ರಲ್ಲಿ ಅವನಿಗೆ ಅಕಾಡೆಮಿಯ ಗೌರವ ಸಿಕ್ಕಿತು. ‘ಮೇರಿ ಪಾಪಿನ್ಸ್’ನಲ್ಲಿ ಬಳಸಿದ ಸೋಡಿಯಂ ದೀಪದ ವಿಧಾನಕ್ಕಾಗಿ ಪೆಟ್ರೊ ವ್ಲಾಹೋಸ್ ಮತ್ತು ವಾಡ್ಸ್‌ವರ್ತ್ ಪೋಲ್ ಜೊತೆ 1965ರಲ್ಲಿ ಇನ್ನೊಂದು. ಹಿಚ್‌ಕಾಕ್‌ನ ‘ದ ಬರ್ಡ್ಸ್’ನಲ್ಲಿ ಹಕ್ಕಿಗಳ ದಂಡನ್ನು ಊರಿನ ಮೇಲೆ ಇಳಿಸಿದ ಕೆಲಸದಲ್ಲೂ ಅವನ ಕೈ ಇದೆ. ಜೆರಾಕ್ಸ್ ತಂತ್ರವನ್ನು ಕಾರ್ಟೂನ್‌ಗೆ ಅಳವಡಿಸಿ, ಪೆನ್ಸಿಲ್ ಗೆರೆಯನ್ನು ನೇರವಾಗಿ ಸೆಲ್‌ಗೆ ಇಳಿಸುವ ವಿಧಾನವನ್ನೂ ಅವನು ರೂಪಿಸಿದ. 1961ರ ‘ಒನ್ ಹಂಡ್ರೆಡ್ ಅಂಡ್ ಒನ್ ಡಾಲ್ಮೇಷಿಯನ್ಸ್’ನ ಲೆಕ್ಕವಿಲ್ಲದಷ್ಟು ಚುಕ್ಕೆಗಳು ಸಾಧ್ಯವಾದದ್ದು ಅದರಿಂದ. ಗೆರೆಗಳನ್ನು ಕೈಯಿಂದ ನಕಲು ಮಾಡುತ್ತಿದ್ದ ಶಾಯಿ ವಿಭಾಗದ ಎಷ್ಟೋ ಹೆಂಗಸರ ಕೆಲಸ ಹೋದದ್ದೂ ಅದರಿಂದಲೇ.

1971ರ ಜುಲೈಯಲ್ಲಿ ಐವರ್ಕ್ಸ್ ತೀರಿಕೊಂಡ. ಅವನ ಹೆಸರು ಮತ್ತೆ ಸಾರ್ವಜನಿಕವಾಗಿ ಕೇಳಿಬಂದದ್ದು ಬಹುಮಟ್ಟಿಗೆ 1999ರಲ್ಲಿ, ಮೊಮ್ಮಗಳು ಲೆಸ್ಲಿ ಐವರ್ಕ್ಸ್ ಅವನ ಮೇಲೆ ಸಾಕ್ಷ್ಯಚಿತ್ರ ಮಾಡಿದಾಗ. ಅದೇ ವರ್ಷ ಫ್ಲಿಪ್, ವಿಲ್ಲಿ ಮತ್ತು ಕಾಮಿಕಲರ್ ಚಿತ್ರಗಳಲ್ಲಿ ಕೆಲವು ಡಿವಿಡಿಯಾಗಿ ಬಂದವು. ಅಲ್ಲಿಯವರೆಗೆ ಅವನ್ನು ಉಳಿಸಿದವರಲ್ಲಿ 16 ಎಂಎಂ ಪ್ರತಿಗಳನ್ನು ಕೂಡಿಟ್ಟ ಖಾಸಗಿ ಸಂಗ್ರಾಹಕರೂ ಇದ್ದರು. ಗೀರು ಬಿದ್ದ, ತುಂಡಾದ, ತಲೆಬರಹ ಕಿತ್ತುಹೋದ ಪ್ರತಿಗಳನ್ನು ಪಕ್ಕಪಕ್ಕ ಇಟ್ಟು ಒಂದೊಂದು ಚಿತ್ರವನ್ನು ಪೂರ್ತಿ ಮಾಡುವ ಕೆಲಸವನ್ನು ಆಮೇಲೂ ಅಂಥ ಹವ್ಯಾಸಿಗಳು ಮುಂದುವರಿಸಿದರು. ಫ್ಲಿಪ್‌ನನ್ನು ಹೊಸದಾಗಿ ನೋಡಬಯಸುವವರು ‘ಫಿಡಲ್‌ಸ್ಟಿಕ್ಸ್’ನಿಂದ ಶುರುಮಾಡಿ, ನಡುವೆ ‘ರೂಮ್ ರನ್ನರ್ಸ್’ ನೋಡಿ, ‘ಫನ್ನಿ ಫೇಸ್’ಗೆ ಬರಲಿ ಎಂಬುದು ನನ್ನ ಸಲಹೆ. ಮೊದಲನೆಯದರಲ್ಲಿ ಐವರ್ಕ್ಸ್‌ನ ಕೈ ಸಿಗುತ್ತದೆ, ಎರಡನೆಯದರಲ್ಲಿ ಮಹಾಕುಸಿತದ ಅಮೆರಿಕ, ಮೂರನೆಯದರಲ್ಲಿ ಫ್ಲಿಪ್.